ನೋಡಾಕ ಹೋಗೂದು, ನಡಕೊಳ್ಳಾಕ ಹೋಗೂದು

ನಮ್ಮ ಕಡೆ ದೇವರಿಗೆ ಹೋಗುವ ಮಂದಿಯಲ್ಲಿ ಎರಡು ತರ. ಒಬ್ಬ ಗುಡಿ ನೋಡಾಕ ಹೋಗತಾನ. ಇನ್ನೊಬ್ಬ ಆ ದೇವರಿಗೆ ನಡಕೋತಾನ. ಇಬ್ಬರೂ ಒಂದೇ ಹಾದಿ ತುಳಿದರೂ ಇವರಲ್ಲಿ ಫರಕು ಏನು? ವಾಚನಾಲಯದಾಗ ಒಂದು ದೂರದ ದ್ವೀಪದ ವಿಷಯ ಓದುವಾಗ ಈ ಪ್ರಶ್ನೆ ನನ್ನ ಬೆನ್ನು ಹತ್ತಿತು.

ಮೆಕ್ಸಿಕೋ ದೇಶದ ಮೂಡಣಕ್ಕೆ, ಕೆರಿಬಿಯನ್ ಸಮುದ್ರದಲ್ಲಿ ಕೊಸುಮೆಲ್ ಎಂಬ ದ್ವೀಪ ಐತಿ. ಉದ್ದ ಸುಮಾರು 48 ಕಿಲೋಮೀಟರ್. ನಾವು ಬಿತ್ತುವ ಗೋವಿನಜೋಳ, ರೊಟ್ಟಿ ಜೋಡಿ ತಿನ್ನುವ ಮೆಣಸಿನಕಾಯಿ, ಎರಡರ ತವರೂ ಆ ಮೆಕ್ಸಿಕೋ ಸೀಮೆನ. ಅಲ್ಲಿಯ ಹಳೇ ಜನ ಮಾಯಾ ಜನ. ಅವರಿಗೆ ಇಷ್ಚೆಲ್ ಎಂಬ ದೇವಿ ಇದ್ದಳು. ಹೆರಿಗೆ, ಮದ್ದು, ನೇಯ್ಗೆ ಎಲ್ಲ ಆಕೆಯ ಕಡೆ. ಮಾಯಾ ಹೆಣ್ಣುಮಕ್ಕಳು ಸೆಳವು ಜೋರಿದ್ದ ಸಮುದ್ರವನ್ನು ಸಣ್ಣ ದೋಣಿಯಲ್ಲಿ ದಾಟಿ ಈ ದ್ವೀಪಕ್ಕೆ ಬಂದು, ಮಕ್ಕಳ ಫಲ ಬೇಡಿಕೊಂಡು ಹೋಗತಿದ್ದರು. ಅವರು ನಡಕೊಳ್ಳುವವರು.

1519ರಲ್ಲಿ ಸ್ಪೇನಿನ ಕೊರ್ತೆಸ್ ಹಡಗು ತಂದ. ದೇವರ ಮೂರ್ತಿಗಳನ್ನು ಒಡೆಸಿ, ತನ್ನ ಧರ್ಮದ ತಾಯಿಯನ್ನು ಅಲ್ಲಿ ಇಡಿಸಿದ. ಆತನೂ ಬಂದವನೇ. ಆದರೆ ಬಂದ ಜಾಗ ತನ್ನ ಮನಸ್ಸಿನ ಹಂಗ ಇರಬೇಕು ಅಂದ.

ಈಗ ದೊಡ್ಡ ದೊಡ್ಡ ಹಡಗಿನಲ್ಲಿ ಪ್ರವಾಸಿಗರು ಬರತಾರ. ಸಾನ್ ಹೆರ್ವಾಸಿಯೊ ಎಂಬಲ್ಲಿ ಹಾಳಾದ ಗುಡಿಯ ಕಲ್ಲು ನೋಡತಾರ, ಫೋಟೋ ತೆಗೆಸಿಕೊಂಡು ಸಂಜೆಗೆ ಹೋಗತಾರ. ಯಾರೂ ಏನೂ ಒಡೆಯೂದಿಲ್ಲ. ಹಂಗಾದ್ರ ಇವರ ಮೇಲೆ ಯಾವ ಹೊರೆಯೂ ಇಲ್ಲೇನು?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಆಮೆಯ ಹತ್ತಿರ. ಆ ದ್ವೀಪದ ಮೂಡಣ ದಂಡೆಗೆ ಬ್ಯಾಸಗಿಯಿಂದ ಮಳೆಗಾಲದ ತನಕ ಕಡಲಾಮೆಗಳು ರಾತ್ರಿ ಏರಿ ಬರತಾವ. ತಾನು ಹುಟ್ಟಿದ ಸೀಮೆಯ ದಂಡೆಗೇ, ಇಪ್ಪತ್ತು ಮೂವತ್ತು ವರ್ಷದ ಮ್ಯಾಲೆ, ತಾಯಾಗಿ ತಿರುಗಿ ಬರತೈತಿ. ಉಸುಕು ತೋಡಿ ನೂರರ ಆಸುಪಾಸು ತತ್ತಿ ಇಟ್ಟು, ಮುಚ್ಚಿ, ನೀರಿಗೆ ಇಳೀತೈತಿ. ಮರಿಯ ಮುಖ ನೋಡೂದಿಲ್ಲ. ಎರಡು ತಿಂಗಳ ಹೊತ್ತಿಗೆ ಮರಿಗಳು ರಾತ್ರಿ ಹೊರಬಿದ್ದು, ಬೆಳಕು ಕಂಡ ಕಡೆ ಓಡತಾವ. ಮೊದಲಿನಿಂದ ಕತ್ತಲ ದಂಡೆಯಲ್ಲಿ ಬೆಳಕು ಕಾಣೂದು ಸಮುದ್ರದ ಕಡೆಗೇ. ಈಗ ದಂಡೆಯ ಮೇಲೆ ಒಂದು ದೀಪ ಉರಿದರೆ, ಮರಿ ಆ ಕಡೆ ತಿರುಗಿ ಸಾಯತೈತಿ. ದೀಪ ಹಚ್ಚಿದವ ಕೆಟ್ಟವ ಅಲ್ಲ. ಆತ ಪ್ರೀತಿಯಿಂದ ನೋಡಾಕ ಬಂದವ.

ಇಲ್ಲಿ ಕೆಲವರು ಕೇಳಬಹುದು: ಹಂಗಾದ್ರ ಹೋಗೂದೇ ಬ್ಯಾಡೇನು? ಹಂಗ ಹೇಳೂದು ಸುಲಭ. ದ್ವೀಪದ ಮಂದಿಯ ಹೊಟ್ಟೆ ಬಂದವರ ಮೇಲೆ ನಡೀತೈತಿ, ಅವರ ಅನ್ನ ಕಸಿದು ಆಮೆ ಉಳಿಸುವ ಧರ್ಮ ನನಗೆ ಒಪ್ಪಿಗೆ ಆಗೂದಿಲ್ಲ. 1990ರಿಂದ ಮೆಕ್ಸಿಕೋದಲ್ಲಿ ಕಡಲಾಮೆ ಹಿಡಿಯೂದಕ್ಕೆ ಬಂದಿ ಐತಿ. ಆದರೆ ಹಿಡಿಯುವ ಕೈಗೆ ಕಾಯ್ದೆ ಹಾಕಬಹುದು, ನೋಡುವ ಆಸೆಗೆ ಹಾಕಾಕ ಬರೂದಿಲ್ಲ. ಅದನ್ನ ಬಂದವನೇ ಹಿಡಕೋಬೇಕು.

ರಾತ್ರಿ ಭಜನಿ ಹಾಡುವ ನನಗೆ ಗೊತ್ತು: ಹಾಡು ಕೇಳಾಕ ಬಂದವ ಮುಖದ ಮ್ಯಾಲೆ ಬ್ಯಾಟರಿ ಬಿಟ್ಟರೆ ಪದ ಮರೆತು ಹೋಗತೈತಿ.

ಹೋಗ್ರಿ, ನೋಡ್ರಿ. ಆದರೆ ಆ ಜಾಗಕ್ಕ ಏನು ಬೇಕು ಅಂತ ಮೊದಲ ಕೇಳ್ರಿ. ಕತ್ತಲು ಬೇಕಂದ್ರ ದೀಪ ಆರಿಸ್ರಿ, ಆಮೆ ಕಾಣದಿದ್ದರೂ ಆಗಲಿ. ತನ್ನ ಆಸೆಗಿಂತ ಆ ಜಾಗದ ಮಾತು ದೊಡ್ಡದು ಅಂತ ತಿಳಿದವನೇ ನಡಕೊಳ್ಳುವವ.