ಹಳೆಯ ಕೋಲು, ಹೊಸ ಆಸೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಶ್ರಾವಕರ ಮಕ್ಕಳು ಗಾಲ್ಫ್ ಕಲಿತರೆ ಅಚ್ಚರಿಯಿಲ್ಲ. ಆ ನಗರದ ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಹವ್ಯಾಸಕ್ಕೆ ಆಡುವವರು ಹಳೆಯ ಕೋಲುಗಳನ್ನು ಬಿಟ್ಟು ಹೊಸತನ್ನು ಕೊಳ್ಳಬೇಕೇ?

ಹೊಸತರಲ್ಲಿ ಗುಣವಿಲ್ಲವೆಂದಲ್ಲ. ಮರದ ತಲೆಯ ಬದಲಿಗೆ ಬಂದ ಟೈಟಾನಿಯಂ ತಲೆಯ ಕೋಲಿನಲ್ಲಿ, ನಡುವಿಗೆ ತಾಗದ ಹೊಡೆತದಲ್ಲಿಯೂ ಚೆಂಡು ಅಷ್ಟಾಗಿ ದಾರಿ ತಪ್ಪದು. ವಯಸ್ಸಾಗಿ ತೋಳ್ಬಲ ಕುಗ್ಗಿದವರಿಗೆ ಹಗುರವಾದ ಕೋಲು ಅಗತ್ಯವೇ. ಆದರೆ ಸವೆದದ್ದು ಹಿಡಿಕೆಯ ರಬ್ಬರ್ ಮಾತ್ರವಾದರೆ ಅದನ್ನಷ್ಟೇ ಬದಲಿಸಿದರೆ ಸಾಕು. ಅಭ್ಯಾಸದ ಕೊರತೆಯನ್ನಂತೂ ಯಾವ ಕೋಲೂ ತುಂಬಿಕೊಡದು.

ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ. ಹೊಸದರ ಹಂಬಲದಂತೆಯೇ ಹಳೆಯದನ್ನು ಬಿಡಲಾರದ ಮೋಹವೂ ಪರಿಗ್ರಹವೇ. ಗೃಹಸ್ಥರಿಗೆ ವಿಧಿಸಿದ್ದು ಸರ್ವತ್ಯಾಗವಲ್ಲ, ಪರಿಮಾಣ. ಗಾಲ್ಫಿಗೂ ಅಂಥದೊಂದು ಕಟ್ಟಳೆಯುಂಟು: ಆಡುವಾಗ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರಕೂಡದೆಂದು 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ ನಿಯಮವಾಯಿತು. ಅದು ಚೀಲಕ್ಕೆ ಹಾಕಿದ ಮಿತಿ. ಇಚ್ಛೆಗೆ ಮಿತಿಯನ್ನು ಆಟಗಾರರೇ ಹಾಕಿಕೊಳ್ಳಬೇಕು.

ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಸಂಪತ್ತಿಗೆ ಶೋಭೆ ದಾನದಿಂದಲೇ. ಅಗತ್ಯದಿಂದ ಹೊಸತನ್ನು ಕೊಂಡವರು ಹಳೆಯ ಕೋಲುಗಳನ್ನು ಅಟ್ಟದ ಮೇಲೆ ತುಕ್ಕು ಹಿಡಿಯಲು ಬಿಡದೆ, ಕೊಳ್ಳಲಾಗದ ಕಲಿಕೆಯ ಹುಡುಗರಿಗೆ ಕೊಡಲಿ. ಕೊಡಲು ಮನಸ್ಸು ಹಿಂಜರಿದರೆ, ಹೊಸತನ್ನು ಕೊಳ್ಳುವ ಕಾಲ ಇನ್ನೂ ಬಂದಿಲ್ಲವೆಂದೇ ತಿಳಿಯಬೇಕು.