ಇಂದಿನ ಧಮ್ಮ ಚಿಂತನೆ: ಮಾಟಗಾತಿಯ ಹೃದಯ



ಮೊನ್ನೆ ಮಗನ ಜೊತೆ ಕೂತು ‘ದಿ ಲಾಸ್ಟ್ ವಿಚ್ ಹಂಟರ್’ (2015) ನೋಡಿದೆ. ಮಾಟಗಾತಿಯರ ರಾಣಿ ಬೇಟೆಗಾರ ಕೌಲ್ಡರನಿಗೆ ಸಾವೇ ಬಾರದಂತೆ ಶಪಿಸುತ್ತಾಳೆ. 800 ವರ್ಷ ಬೇಟೆಯಾಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅವಳ ಹೃದಯ ಬಡಿಯುವವರೆಗೇ ಇವನ ಆಯುಷ್ಯ. ಹೊಡೆದಾಟ ಬಿಡಿ, ಈ ಒಂದು ಮಾತು ನನ್ನ ನಿದ್ದೆ ಕೆಡಿಸಿತು.

ಬೇಲೂರು ಗುಡಿಯ ಮೆಟ್ಟಿಲ ಬಳಿ ಸಳ ಇದ್ದಾನಲ್ಲ, ಶತಮಾನಗಳಾದರೂ ಹುಲಿ ಸತ್ತಿಲ್ಲ, ಅವನ ಕೈಯೂ ಇಳಿದಿಲ್ಲ.

ಅರಸೀಕೆರೆಯ ನಮ್ಮ ಮನೆ ಹೊಸ್ತಿಲ ಮೇಲೆ ಆರು ವರ್ಷದ ಹಿಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತು. ಪಕ್ಕದ ಮನೆ ಅಕ್ಕನದೇ ಮಾಟ ಅಂತ ಬೀದಿಗೆಲ್ಲ ಹೇಳಿದವನು ನಾನೇ. ಕಣ್ಣಾರೆ ಕಂಡವರು ಯಾರೂ ಇಲ್ಲ. ಪಂಚಶೀಲದ ನಾಲ್ಕನೆಯದು ಅವತ್ತೇ ಮುರಿಯಿತು. ಆದರೂ ವಾರವಾರ ಪಠಿಸುತ್ತಲೇ ಬಂದೆ. 2017ರ ಮೌಢ್ಯ ನಿಷೇಧ ಕಾಯ್ದೆ ಬಗ್ಗೆ ಭಾಷಣ ಬೇರೆ ಮಾಡಿದೆ! ಬೀದಿಯ ಮಕ್ಕಳು ಇಂದಿಗೂ ಆ ಅಕ್ಕ ಕೊಟ್ಟದ್ದನ್ನು ತಿನ್ನಲ್ಲ.

ಈ ಬೆಳಿಗ್ಗೆ ಅವರ ಬಾಗಿಲು ತಟ್ಟಿ ಕ್ಷಮೆ ಕೇಳಿದೆ. ಒಂದು ಮಾತೂ ಆಡದೆ ಕಾಫಿ ತಂದಿಟ್ಟರು. ಕುಡಿದೆ. ಬೀದಿಯವರಿಗೆ ಹೇಳುವುದು ಇನ್ನೂ ಬಾಕಿ ಇದೆ.