ಕೇಳಿ ಉಣ್ಣುವುದೋ, ಕೇಳದೆ ಉಣ್ಣುವುದೋ?

ಝೇಲಾಂಡ್ ಪ್ರಾಂತ್ಯದ ಕಡಲ ಹಳ್ಳಿಗಳಲ್ಲಿ ಒಳ್ಳೆಯ ರೆಸ್ಟೋರೆಂಟುಗಳಿಗೆ ಕೊರತೆಯಿಲ್ಲ. ಮದುವೆಯ ವಾರ್ಷಿಕೋತ್ಸವಕ್ಕೋ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಸಮುದ್ರ ತೋರಿಸುವ ನೆಪದಲ್ಲೋ, ಆಫೀಸಿನವರ ಜೊತೆಗೋ ನಮ್ಮ ಕುಟುಂಬಗಳೂ ಈಗ ಅಲ್ಲಿಗೆ ಹೋಗುತ್ತವೆ. ಮೂರು ಗಂಟೆಯ ಊಟ, ಆರೇಳು ಬಗೆ, ಒಂದೊಂದು ತಟ್ಟೆಯಲ್ಲೂ ಎರಡೇ ತುತ್ತು. ಹೋಗಿ ಬಂದವರು ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸಿಕ್ಕಾಗ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ವೆಜಿಟೇರಿಯನ್ ಅಂತ ಹೇಳಿದ್ವಿ, ಅವರು ಏನೋ ಚೆನ್ನಾಗಿ ಮಾಡಿಕೊಟ್ಟರು. ಅದರಲ್ಲಿ ಏನೇನಿತ್ತು ಅಂತ ಕೇಳೋಕೆ ಹೋಗಲಿಲ್ಲ. ಗೊತ್ತಾದರೆ ತಾನೆ ದೋಷ?"

ನಗುತ್ತಾ ಹೇಳುವ ಮಾತು ಇದು. ಆದರೆ ಇದರೊಳಗೆ ಒಂದು ಧರ್ಮಸೂಕ್ಷ್ಮವಿದೆ. ತಿಳಿಯದೆ ಮಾಡಿದ್ದಕ್ಕೆ ದೋಷ ಕಡಿಮೆ ಎಂದು ನಮ್ಮ ಹಿರಿಯರೂ ಒಪ್ಪುತ್ತಾರೆ. ಆದರೆ ತಿಳಿಯಬಾರದು ಎಂದೇ ತಿಳಿಯದೆ ಉಳಿದರೆ?

ಮೊದಲೇ ಹೇಳಿಬಿಡುತ್ತೇವೆ, ಇದು ಸಸ್ಯಾಹಾರದ ಪ್ರಚಾರವಲ್ಲ. ನಮ್ಮ ದೇವಸ್ಥಾನಕ್ಕೆ ಬರುವವರಲ್ಲಿ ಕರಾವಳಿಯವರಿದ್ದಾರೆ, ಅವರಲ್ಲಿ ಅನೇಕರ ಮನೆಯಲ್ಲಿ ಮೀನು ದಿನನಿತ್ಯದ ಊಟ. ಅವರಲ್ಲೂ ಶ್ರಾವಣದಲ್ಲಿ ಬಿಡುವವರು, ವಾರಕ್ಕೊಂದು ದಿನ ಬಿಡುವವರು ಉಂಟು. ನಿಯಮ ಯಾವುದೇ ಇರಲಿ, ಅದನ್ನು ಇಟ್ಟುಕೊಂಡವರು ಹೊರಗೆ ಉಣ್ಣುವಾಗ ಏನು ಮಾಡಬೇಕು ಎನ್ನುವುದಷ್ಟೇ ಇಲ್ಲಿನ ವಿಚಾರ.

ಕಡಲ ಹಳ್ಳಿಯ ಅಡುಗೆಮನೆಯ ರುಚಿಯೆಲ್ಲ ಅದರ ಸಾರಿನಲ್ಲಿದೆ. ಮಂಗಳೂರಿನ ಕಡೆ ಪಚ್ಚಿಲೆ ಎನ್ನುತ್ತಾರಲ್ಲ, ಅದೇ ಜಾತಿಯ ಕಪ್ಪು ಚಿಪ್ಪಿನ ಮೊಸೆಲೆನ್ ಇಲ್ಲಿ ಮುಖ್ಯ. ಕುದಿಸಿದ ಐದು ನಿಮಿಷಕ್ಕೆ ಅದು ಬಾಯಿ ತೆರೆದು ಉಪ್ಪುಪ್ಪಾದ ನೀರು ಬಿಡುತ್ತದೆ. ಬಾಣಸಿಗರು ಆ ನೀರನ್ನು ಚೆಲ್ಲುವುದಿಲ್ಲ, ಸಾಸಿಗೆ ಬಳಸುತ್ತಾರೆ. ಉಪ್ಪುನೀರಿನ ಜವುಗಿನಲ್ಲಿ ಬೆಳೆಯುವ ಝೇಕ್ರಾಲ್ ಎಂಬ ಹಸಿರು ಕಡ್ಡಿ, ಲಾಮ್ಸೋರ್ ಎಂಬ ಸೊಪ್ಪು, ಆಲೂಗಡ್ಡೆ, ಮೇಲೆ ಒಂದಿಷ್ಟು ಸಾಸ್: ನೋಡಿದರೆ ಅಪ್ಪಟ ಸಸ್ಯಾಹಾರ. ಆ ಸಾಸ್ ಯಾವ ನೀರಿನದ್ದು ಎಂಬುದು ಕಣ್ಣಿಗೆ ಕಾಣದು. ಮೇಲೆ ತುರಿದ ಪಾರ್ಮೆಜಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನೇ ಹಾಕಬೇಕೆಂದು ಅದರ ನಿಯಮವೇ ಹೇಳುತ್ತದೆ. ಕೊನೆಗೆ ಬರುವ ಸಿಹಿಯಲ್ಲಿ ಜೆಲಟಿನ್ ಇರಬಹುದು. ಇದರಲ್ಲಿ ಮೋಸವೇನೂ ಇಲ್ಲ. ತಾವು ವೆಜಿಟೇರಿಯನ್ ಎಂದು ಹೇಳಿಕೊಂಡು ಮೀನು ತಿನ್ನುವ ಡಚ್ಚರು ಇದ್ದಾರೆ. ನಾವು ಹೇಳಿದ್ದೂ ನಿಜ, ಅವರು ಕೇಳಿಸಿಕೊಂಡದ್ದೂ ನಿಜ, ಎರಡರ ಅರ್ಥ ಮಾತ್ರ ಬೇರೆ.

ಕಾನೂನು ಇದೆಯಲ್ಲ ಎನ್ನಬಹುದು. 2014ರ ಡಿಸೆಂಬರ್ 13ರಿಂದ ಯುರೋಪಿಯನ್ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ರೆಸ್ಟೋರೆಂಟಿನವರೂ ಕೊಡಬೇಕು. ಮೀನು, ಸೀಗಡಿಯಂಥವು, ಚಿಪ್ಪಿನ ಜೀವಿಗಳು, ಮೊಟ್ಟೆ, ಹಾಲು ಆ ಪಟ್ಟಿಯಲ್ಲಿವೆ. ಮಾಂಸ ಇಲ್ಲ, ಹೆಪ್ಪು ಇಲ್ಲ. ಬಿಯರ್ ಮತ್ತು ವೈನನ್ನು ತಿಳಿಗೊಳಿಸಲು ಬಳಸುವ ಮೀನಿನ ಅಂಟಿಗೆ ವಿನಾಯಿತಿಯೇ ಇದೆ. ಅಲರ್ಜಿ ಆಗದಂತೆ ನೋಡಿಕೊಳ್ಳಲು ಮಾಡಿದ ಕಾನೂನು ಅದು, ನಮ್ಮ ನಿಯಮದ ಚಿಂತೆ ಅದಕ್ಕೇಕೆ?

ಊರಿನಲ್ಲಿ ಈ ತಾಪತ್ರಯ ಇರಲಿಲ್ಲ. ಉಡುಪಿಯ ಮಠದಲ್ಲಿ ಪಂಕ್ತಿಗೆ ಕೂತವರು ಸಾರಿನಲ್ಲಿ ಏನಿದೆ ಎಂದು ಕೇಳುತ್ತಾರೆಯೇ? ಬಡಿಸುವವರ ನಿಯಮ ಉಣ್ಣುವವರ ನಿಯಮಕ್ಕಿಂತ ಬಿಗಿ, ಆದ್ದರಿಂದ ನಮ್ಮ ಪರವಾಗಿ ಎಲ್ಲ ವಿಚಾರಣೆಯೂ ಅಡುಗೆಮನೆಯಲ್ಲೇ ಮುಗಿದಿರುತ್ತದೆ. ಕೊಂಡುಂಬ ಅನ್ನದ ಕಥೆ ಬೇರೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಕಲಿಯುಗದ ಲಕ್ಷಣಗಳನ್ನು ಹೇಳುವಾಗ ಅನ್ನ ಮಾರುವುದನ್ನೂ ಸೇರಿಸಿದ್ದಾರೆ. ಹಿಂದಿನವರಿಗೆ ಇದರಲ್ಲಿ ಯಾಕಷ್ಟು ಅಳುಕು ಎಂದು ನಮಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ದುಡ್ಡು ಕೊಟ್ಟು ತರಿಸಿಕೊಂಡ ತಟ್ಟೆಯ ಜೊತೆ ಮಾಡಿದವರ ನಿಯಮ ಬರುವುದಿಲ್ಲ, ಅಡುಗೆಮನೆಯಲ್ಲಿ ಮುಗಿಯುತ್ತಿದ್ದ ವಿಚಾರಣೆ ಉಣ್ಣುವವನ ತಲೆಗೆ ಬರುತ್ತದೆ ಎಂದು ಈಗ ತೋರುತ್ತದೆ. ನಮ್ಮ ಹೋಟೆಲಿನವರಿಗೂ ಇದು ಗೊತ್ತಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಬಂದು ಇಲ್ಲಿನ ಹೋಟೆಲುಗಳ ವ್ಯವಸ್ಥೆ, ಶುಚಿತ್ವ ನೋಡಿಕೊಂಡು ಹೋದರು. ಆ ಹೋಟೆಲಿನ ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡಬಹುದಿತ್ತು. ಕೇಳುವ ಮೊದಲೇ ತೋರಿಸುವುದು ಅವರ ದಾರಿ.

ಇನ್ನು, "ಪರದೇಶದಲ್ಲಿ ಇಷ್ಟೆಲ್ಲ ನೋಡಿದರೆ ಬದುಕುವುದು ಹೇಗೆ?" ಎಂಬ ಮಾತು. ಇದಕ್ಕೆ ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ ನೆನಪಾಗುತ್ತದೆ. ಕುರುದೇಶದಲ್ಲಿ ಬೆಳೆ ಹಾಳಾಗಿ ಬರ ಬಂದಿದೆ. ಹಸಿದ ಉಷಸ್ತಿ, ಆನೆಯವನೊಬ್ಬ ತಿನ್ನುತ್ತಿದ್ದ ಕಾಳನ್ನೇ ಬೇಡಿ, ಅವನ ಎಂಜಲೆಂದು ಗೊತ್ತಿದ್ದೂ ತಿನ್ನುತ್ತಾನೆ. ಆಮೇಲೆ ಅವನು ಕುಡಿಯಲು ನೀರು ಕೊಟ್ಟರೆ, ಎಂಜಲು ಬೇಡ ಎನ್ನುತ್ತಾನೆ. ಕಾಳು ಎಂಜಲಲ್ಲವೇ ಎಂದು ಕೇಳಿದರೆ ಉತ್ತರ ಸರಳ: ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕಾದಲ್ಲಿ ಸಿಗುತ್ತದೆ. ಅವನು ಎಲ್ಲವನ್ನೂ ತಿಳಿದೇ ಮಾಡಿದ. ಕಷ್ಟಕಾಲದಲ್ಲಿ ನಿಯಮ ಬಾಗಿತು, ಕಷ್ಟ ತೀರಿದ ಕೂಡಲೇ ನೆಟ್ಟಗಾಯಿತು. ಎರಡು ತಿಂಗಳು ಮೊದಲೇ ಮೇಜು ಕಾದಿರಿಸಿ, ತಲೆಗೆ ನೂರು ಯೂರೋ ದಾಟುವ ಊಟಕ್ಕೆ ಹೋಗುವವರು ಪ್ರಾಣ ಉಳಿಸಿಕೊಳ್ಳಲು ಹೋಗುವುದಿಲ್ಲವಷ್ಟೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಟೆಸ್ಟ್ ನಡೆಸದಿದ್ದರೆ ದೋಷ ಸಿಗುವುದಿಲ್ಲ. ಹಾಗೆಂದು ಪ್ರೋಗ್ರಾಮ್ ಸರಿಯಿದೆ ಎಂದು ಯಾವ ಮ್ಯಾನೇಜರೂ ಒಪ್ಪುವುದಿಲ್ಲ.

ಎದುರು ವಾದದಲ್ಲಿ ಗಟ್ಟಿಯಾದದ್ದು ಒಂದಿದೆ: ಕೇಳುತ್ತಾ ಹೋದರೆ ಕೊನೆ ಎಲ್ಲಿ? ಸಾರಾಯಿತು, ಹೆಪ್ಪಾಯಿತು, ನಾಳೆ ಬಾಣಲೆ, ಚಾಕು. ಇದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅಂಗಡಿಯ ಖೌಡಾ ಚೀಸನ್ನು ಹೆಪ್ಪಿನ ವಿಷಯ ತಿಳಿದೂ ತಿನ್ನುವವರು ನಮ್ಮಲ್ಲಿದ್ದಾರೆ, ಬಿಟ್ಟವರೂ ಇದ್ದಾರೆ. ತಿಳಿದು ಗೆರೆ ಎಳೆದುಕೊಂಡವರ ಬಗ್ಗೆ ನಮ್ಮ ತಕರಾರಿಲ್ಲ. ಒಂದು ಪ್ರಶ್ನೆಯಿಂದ ತಿಳಿಯಬಹುದಾದದ್ದನ್ನು, ಬಾಣಸಿಗರು ಬದಲಿಸಿಕೊಡಬಹುದಾದದ್ದನ್ನು ಕೇಳದೆ ಬಿಟ್ಟು ಆಮೇಲೆ ಅದಕ್ಕೆ ಮುಗ್ಧತೆಯ ಹೆಸರು ಕೊಡುವುದು ಮಾತ್ರ ಒಪ್ಪಿಗೆಯಾಗುವುದಿಲ್ಲ.

ಕೇಳಿದರೆ ಅವರಿಗೆ ಬೇಸರ ಎಂಬ ಸಂಕೋಚವೂ ಇದೆ. ಇದು ಕೇಳುವ ರೀತಿಯ ಮೇಲಿದೆ. ಪಕ್ಕದ ಮೇಜಿನ ಆಯ್ಸ್ಟರ್ ನೋಡಿ ಮುಖ ಸಿಂಡರಿಸಿ ಕೇಳಿದರೆ ಬೇಸರವಾಗದೆ ಇರುತ್ತದೆಯೇ? ಆ ಹಳ್ಳಿಗಳಿಗೆ ಕಡಲು ಸುಮ್ಮನೆ ಸಿಕ್ಕಿದ್ದಲ್ಲ. 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಈ ದೇಶದಲ್ಲಿ 1,836 ಜನ ಸತ್ತರು, ಅತಿ ಹೆಚ್ಚು ಸಾವು ಝೇಲಾಂಡಿನಲ್ಲೇ. ಆಮೇಲೆ ಸರ್ಕಾರ ಓಸ್ಟರ್‌ಸ್ಖೆಲ್ಡೆ ಅಳಿವೆಯನ್ನು ಅಣೆಕಟ್ಟಿನಿಂದ ಪೂರ್ತಿ ಮುಚ್ಚಲು ಹೊರಟಾಗ, ಯೆರ್ಸೆಕೆಯ ಮೀನುಗಾರರೂ ಪರಿಸರದವರೂ ವಿರೋಧಿಸಿದರು. ಉಪ್ಪುನೀರು ನಿಂತರೆ ಮೊಸೆಲೆನ್ ಕೃಷಿಯೇ ಹೋಗುತ್ತಿತ್ತು. ಕೊನೆಗೆ 1986ರಲ್ಲಿ ಮುಗಿದ ತಡೆಗೋಡೆಗೆ 62 ಬಾಗಿಲುಗಳು. ಬಿರುಗಾಳಿಗೆ ಸಮುದ್ರ ಉಕ್ಕಿದಾಗ ಮಾತ್ರ ಅವನ್ನು ಮುಚ್ಚುತ್ತಾರೆ. ಹೊಟ್ಟೆಪಾಡಿಗಾಗಿ ಸಮುದ್ರಕ್ಕೆ ಬಾಗಿಲು ತೆರೆದಿಟ್ಟುಕೊಂಡ ಜನ ಅವರು. ಅವರ ಊಟವನ್ನು ಹೀಗಳೆಯದೆ ನಮ್ಮ ನಿಯಮವನ್ನು ಹೇಳಲು ಬರುತ್ತದೆ.

ಬೇಗ ಕೇಳುವುದು ಮುಖ್ಯ. ಬೆಳಗಿನಿಂದ ಕುದಿಯುತ್ತಿರುವ ಸಾರನ್ನು ರಾತ್ರಿ ಎಂಟಕ್ಕೆ ಬದಲಿಸಿ ಎಂದರೆ ಯಾರಿಗಾದರೂ ಕಷ್ಟ. ಎರಡು ವಾರ ಮೊದಲು ಹೇಳಿದರೆ ಅದು ಒಳ್ಳೆಯ ಬಾಣಸಿಗರಿಗೆ ಹುರುಪಿನ ಕೆಲಸ. ನೈಮೇಖನ್ ಊರಿನ ಡೆ ನ್ಯೂವೆ ವಿಂಕಲ್ ಎಂಬ, ಬರೀ ಸಸ್ಯಮೂಲದ ಅಡುಗೆಯ ರೆಸ್ಟೋರೆಂಟಿಗೆ 2022ರಲ್ಲಿ ಎರಡನೆಯ ಮಿಶೆಲಿನ್ ನಕ್ಷತ್ರ ಬಂದಿದೆ. ಅಂದರೆ ಮಾಂಸ, ಮೀನಿನ ಸಾರಿಲ್ಲದೆ ರುಚಿ ತರುವುದು ಇಲ್ಲಿನವರಿಗೆ ತಿಳಿಯದ ವಿದ್ಯೆಯಲ್ಲ.

ಬುಕಿಂಗ್ ಮಾಡುವಾಗ ಬರಿಯ ವೆಜಿಟೇರಿಯನ್ ಎಂದು ಬರೆದು ಬಿಡಬೇಡಿ. "ಗೇನ್ ಫ್ಲೇಸ್, ಗೇನ್ ಫಿಸ್, ಗೇನ್ ಸ್ಖಾಲ್ ಎನ್ ಸ್ಖೆಲ್ಪ್‌ಡೀರೆನ್, ಓಕ್ ನೀಟ್ ಇನ್ ದೆ ಬೂಯೋನ್" ಎಂದು ಸೇರಿಸಿ. ಮಾಂಸ, ಮೀನು, ಸೀಗಡಿ, ಚಿಪ್ಪಿನ ಜೀವಿ ಯಾವುದೂ ಬೇಡ, ಸಾರಿನಲ್ಲಿಯೂ ಬೇಡ ಎಂದರ್ಥ. ಮೊಟ್ಟೆ, ಜೆಲಟಿನ್, ಹೆಪ್ಪಿನ ವಿಷಯ ನಿಮ್ಮ ನಿಮ್ಮ ಮನೆಯ ನಿಯಮದಂತೆ. ಆಗುವುದಿಲ್ಲ ಎಂದು ಉತ್ತರ ಬಂದರೆ ಅದೂ ಪ್ರಾಮಾಣಿಕ ಉತ್ತರವೇ. ಡೋಂಬುರ್ಗಿನ ಮರಳದಿಣ್ಣೆಯ ಮರೆಯಲ್ಲಿ ಕೂತು ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನ ತಿನ್ನಲು ಯಾರ ಅಡ್ಡಿಯೂ ಇಲ್ಲ. ಗಾಳಿ ಜೋರು, ತಟ್ಟೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಅಷ್ಟೆ.